ಮೂತಿ ಒಳಕ್ಕೋ, ಹೊರಕ್ಕೋ?

ಮೈಸೂರಿನ ಸರಸ್ವತಿಪುರಂನಲ್ಲಿ ಜಾತಿ ಕೇಳಿ, ಪಕ್ಷ ಕೇಳಿ ಮನುಷ್ಯರನ್ನು ಗುರುತಿಸುವ ಕಾಲ ಹೋಯಿತು. ಕಾರು ಹೇಗೆ ನಿಲ್ಲಿಸುತ್ತಾರೆ ನೋಡಿದರೆ ಸಾಕು. ಮೂತಿ ಮುಂದಾಗಿ ಸೀದಾ ಒಳಗೆ ನುಗ್ಗಿಸಿ, ಬೀಗ ಹಾಕಿ, ಕಾಫಿಗೆ ಕೂರುವವರದು ಒಂದು ಪಂಥ. ಇವರನ್ನು ಮುಮ್ಮುಖಿಗಳು ಎನ್ನೋಣ. ಜಾಗ ದಾಟಿ ಒಂದಷ್ಟು ಮುಂದೆ ಹೋಗಿ, ನಾಲ್ಕೂ ದೀಪ ಮಿಣಮಿಣ ಎನ್ನಿಸಿ, ಕತ್ತು ಹೊರಳಿಸಿ, ರಿವರ್ಸ್ ತೆಗೆದುಕೊಂಡು ಹಿಂಬದಿಯಿಂದ ಒಳಗೆ ಸೇರುವವರದು ಇನ್ನೊಂದು. ಇವರು ಹಿಮ್ಮುಖಿಗಳು. ಎದುರುಬದುರು ಮನೆಯಲ್ಲಿದ್ದುಕೊಂಡು ವರ್ಷಗಟ್ಟಲೆ ಹೆಪ್ಪು, ಸಕ್ಕರೆ, ಪಂಚಾಂಗ ಕೈ ಬದಲಾಯಿಸಿಕೊಂಡವರು ಈ ವಿಷಯಕ್ಕೆ ಬಂದರೆ ಮುಖ ಆ ಕಡೆ ತಿರುಗಿಸುತ್ತಾರೆ. ಕಂಚಿಯಲ್ಲಿ ದೇವಸ್ಥಾನದ ಆನೆಯ ಹಣೆಗೆ ವಡಗಲೈ ನಾಮ ಇಡಬೇಕೋ ತೆಂಗಲೈ ನಾಮ ಇಡಬೇಕೋ ಎಂದು ಜಗಳವಾಡಿ ಕೋರ್ಟು ಹತ್ತಿದ ದೇಶ ನಮ್ಮದು. ಆನೆಯನ್ನು ಯಾರೂ ಕೇಳಲಿಲ್ಲ. ಕಾರನ್ನೂ ಯಾರೂ ಕೇಳುತ್ತಿಲ್ಲ.

ಬೇರೆ ಬಡಾವಣೆಯಲ್ಲಾದರೆ ಇದು ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ಕುಕ್ಕರಹಳ್ಳಿ ಕೆರೆಯ ಆಚೆಗೆ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ, ಈಚೆಗೆ ನಾವು. ಯಾವ ಕ್ರಾಸಿನಲ್ಲಿ ನಿಂತು ‘ಸಾರ್’ ಎಂದು ಕರೆದರೂ ಕಡೇಪಕ್ಷ ಇಬ್ಬರು ನಿವೃತ್ತ ಪ್ರಾಧ್ಯಾಪಕರು ತಿರುಗಿ ನೋಡುವ ಊರು. ಆದ್ದರಿಂದ ಎರಡು ಪಂಥಕ್ಕೂ ಸಿದ್ಧಾಂತವಿದೆ, ಪೂರ್ವಪಕ್ಷವಿದೆ, ಖಂಡನೆ ಇದೆ, ಬೆಳಗಿನ ವಾಕಿಂಗಿನಲ್ಲಿ ಕೆರೆ ಏರಿಯ ಮೇಲೆ ನಡೆಯುವ ಭಾಷ್ಯವಿದೆ.

ಹಿಮ್ಮುಖಿಗಳ ವಾದ ಮೊದಲು. ಕಾರಿನಲ್ಲಿ ಹೊರಳುವುದು ಮುಂದಿನ ಚಕ್ರ ಮಾತ್ರ. ಹಿಂದಿನವು ಎಳೆದತ್ತ ಬರುವ ಜಾತಿಯವು, ತಿರುವಿನಲ್ಲಿ ಒಳಗಡೆಗೆ ಕೊಯ್ದುಕೊಂಡು ಬರುತ್ತವೆ. ಇಕ್ಕಟ್ಟಾದ ಜಾಗಕ್ಕೆ ಮೂತಿಯನ್ನು ಮೊದಲು ತೂರಿಸಿದರೆ ಹಿಂಬಾಗಿಲು ಗೇಟಿನ ಕಂಬಕ್ಕೆ ಉಜ್ಜುವುದು ಅದಕ್ಕೇ. ಹೊರಳದ ಹಿಂಬದಿಯನ್ನು ಮೊದಲು ಒಳಗೆ ಕೂರಿಸಿಬಿಟ್ಟರೆ, ಹೊರಳುವ ಮೂತಿಯನ್ನು ರಸ್ತೆಯ ಅಗಲದಲ್ಲಿ ಬೇಕಾದ ಹಾಗೆ ಆಡಿಸಿ ನೆಟ್ಟಗೆ ಮಾಡಬಹುದು. ಈ ಸ್ಟಿಯರಿಂಗಿನ ಲೆಕ್ಕಾಚಾರಕ್ಕೆ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ತೆಗೆಸಿದವನು ರುಡಾಲ್ಫ್ ಆಕರ್‌ಮನ್. ಆಗಿನ್ನೂ ಅದು ಕುದುರೆ ಗಾಡಿಗೆ. ಕಂಡುಹಿಡಿದವನು ಮ್ಯೂನಿಕ್ಕಿನ ಗಾಡಿ ತಯಾರಕ ಲಾಂಕೆನ್‌ಸ್ಪರ್ಗರ್, ಇತಿಹಾಸದಲ್ಲಿ ಹೆಸರು ಉಳಿದದ್ದು ಪೇಟೆಂಟು ಮಾಡಿಸಿಕೊಟ್ಟ ಏಜೆಂಟನದು. ಆರ್‌ಟಿಒ ಏಜೆಂಟರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಮುಮ್ಮುಖಿಗಳಿಗೆ ಜ್ಯಾಮಿತಿ ಬೇಡ. ಅವರದು ಸಂಸಾರಸ್ಥರ ವಾದ. ‘ಅಲ್ರೀ, ಡಿಕ್ಕಿ ಗೋಡೆಗೆ ಅಂಟಿಸಿ ನಿಲ್ಲಿಸಿದ್ರೆ ದೇವರಾಜ ಮಾರ್ಕೆಟ್ಟಿಂದ ತಂದ ತರಕಾರಿ ಚೀಲ ತೆಗೆಯೋದು ಎಲ್ಲಿಂದ?’ ‘ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಹೊಗೆಯೆಲ್ಲ ಹಾಲಿಗೆ ಬರಲ್ವಾ? ನಮ್ಮ ಯಜಮಾನ್ರು ಪೂಜೆಗೆ ಕೂತಿರ್ತಾರೆ.’ ಇವೆರಡಕ್ಕೂ ಹಿಮ್ಮುಖಿಗಳಲ್ಲಿ ಇನ್ನೂ ಉತ್ತರವಿಲ್ಲ. ಆಕರ್‌ಮನ್ ಮಾರ್ಕೆಟ್ಟಿಗೆ ಹೋಗಿ ಬಾಳೆದಿಂಡು ತಂದವನಲ್ಲ.

ಮುಮ್ಮುಖಿಗಳ ಇನ್ನೊಂದು ವಾದ ಸಮಯದ್ದು. ನಾವು ಹಿಂದಿನ ಗಾಡಿಯವರನ್ನು ಕಾಯಿಸುವುದಿಲ್ಲ, ಬಂದೆವು, ನುಗ್ಗಿದೆವು, ಆಯಿತು ಎನ್ನುತ್ತಾರೆ. ಮಾತು ನಿಜ, ಅರ್ಧ ಮಾತ್ರ. ಮಾರನೇ ದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಸ್ಕೂಲ್ ವ್ಯಾನು, ಹಾಲಿನ ಸ್ಕೂಟರು, ಆಫೀಸಿನ ಬೈಕು ಎಲ್ಲ ಒಟ್ಟಿಗೆ ಬರುವ ಹೊತ್ತಿಗೆ, ಇವರ ಹಿಂಬದಿ ಗೇಟಿನಿಂದ ಇಂಚಿಂಚೇ ರಸ್ತೆಗೆ ಬರುತ್ತದೆ. ಡ್ರೈವರು ಕಾಂಪೌಂಡಿನ ಒಳಗೆ, ಕಾರಿನ ತುದಿ ರಸ್ತೆಯ ನಡುವೆ. ಅವರಿಗೆ ಏನೂ ಕಾಣದು, ಊರಿಗೆಲ್ಲ ಅವರು ಕಾಣುತ್ತಾರೆ. ಹಿಮ್ಮುಖಿ ಇದೇ ಸಮಯವನ್ನು ಹಿಂದಿನ ಸಂಜೆಯೇ ತಿಂದು ಮುಗಿಸಿರುತ್ತಾನೆ. ಇಬ್ಬರೂ ತಿನ್ನುವುದು ಬೇರೆಯವರ ಸಮಯವನ್ನೇ. ಸಂಜೆ ತಿನ್ನಬೇಕೋ ಬೆಳಿಗ್ಗೆ ತಿನ್ನಬೇಕೋ ಎನ್ನುವುದಷ್ಟೇ ವ್ಯಾಜ್ಯ.

ರಿವರ್ಸ್ ಹಾಕುವುದು ಒಬ್ಬರ ಕೆಲಸ ಎಂದು ತಿಳಿದವರು ಕಾಂತರಾಜ ಅರಸು ರಸ್ತೆಯಲ್ಲಿ ಸಂಜೆ ಒಂದು ಗಳಿಗೆ ನಿಂತು ನೋಡಬೇಕು. ಕಾರಿನ ಬಿಳಿ ದೀಪ ಹತ್ತಿದ್ದೇ ತಡ, ಎಲ್ಲಿಂದಲೋ ಒಬ್ಬ ಪ್ರತ್ಯಕ್ಷನಾಗುತ್ತಾನೆ. ಆಟೋದವನಿರಬಹುದು, ಎಳನೀರು ಮಾರುವವನಿರಬಹುದು, ಬಸ್ಸಿಗೆ ಕಾಯುತ್ತಿರುವ ಮೇಷ್ಟರಿರಬಹುದು. ಕೂಡಲೇ ಕೈ ಎತ್ತುತ್ತಾನೆ. ‘ಬುಡಿ ಸಾ, ಬುಡಿ, ಬುಡಿ... ರೈಟ್‌ಗ್ ಒಡೀರಿ... ಫುಲ್ಲು... ಈಗ ಸೀದಾ ಮಾಡ್ಕಳಿ... ಬುಡಿ, ಬುಡಿ, ಜಾಗ ಐತೆ.’ ಅಷ್ಟರಲ್ಲಿ ಎಡಗಡೆಯಿಂದ ಇನ್ನೊಬ್ಬ. ಅವನದು ಲೆಫ್ಟು. ರೈಟಿನವನಿಗೂ ಲೆಫ್ಟಿನವನಿಗೂ ಕಾರಿನ ಹಿಂದೆಯೇ ಸೈದ್ಧಾಂತಿಕ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಒಳಗೆ ಸ್ಟಿಯರಿಂಗ್ ಹಿಡಿದವರು ಕನ್ನಡಿ ನೋಡುವುದನ್ನು ಬಿಟ್ಟು ಇವರಿಬ್ಬರ ಬಾಯಿ ನೋಡುತ್ತಾರೆ. ಪಕ್ಕದ ಸೀಟಿನಲ್ಲಿ ಕೂತ ಮನೆಯವರು ಮೂರನೆಯ ಮತ. ಕೊನೆಗೆ ‘ಢಬ್’ ಎಂದು ಸದ್ದಾಗುತ್ತದೆ. ಆಗ ರೈಟಿನವನು ಡಿಕ್ಕಿಯ ಮೇಲೆ ಎರಡು ಸಲ ಅಂಗೈ ತಟ್ಟಿ, ಶಾಂತವಾಗಿ, ‘ಸಾಕು ಸಾ’ ಎನ್ನುತ್ತಾನೆ. ಬಂಪರಿಗೆ ಆದ ಗೆರೆಗೆ ಅವನು ಹೊಣೆಯಲ್ಲ. ಅವನಿಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಬೇಕು, ಇಲ್ಲದಿದ್ದರೆ ಸೌಜನ್ಯವಿಲ್ಲದವರಾಗುತ್ತೀರಿ.

ಇದಕ್ಕೆಲ್ಲ ಹಿನ್ನೆಲೆ ಸಂಗೀತವೂ ಒಂದಿತ್ತು, ಕೆಲವು ಹಳೇ ಕಾರುಗಳಲ್ಲಿ ಈಗಲೂ ಇದೆ. ಗೇರು ಹಿಂದಕ್ಕೆ ಬಿದ್ದರೆ ಬೀಥೋವನ್ನನ ‘ಫರ್ ಎಲಿಸ್’. ಆ ಪುಣ್ಯಾತ್ಮ ಅದನ್ನು 1810ರಲ್ಲಿ ರಚಿಸಿದ, ಬದುಕಿರುವವರೆಗೆ ಪ್ರಕಟಿಸಲಿಲ್ಲ. ಏನೋ ಅಂದಾಜಿದ್ದಿರಬೇಕು. ದೇಶಭಕ್ತರ ಕಾರಿನಲ್ಲಿ ‘ಸಾರೇ ಜಹಾಂ ಸೆ ಅಚ್ಛಾ’. ಅದಕ್ಕೆ ಎದ್ದು ನಿಲ್ಲಬೇಕೆಂಬ ಕಾನೂನಿಲ್ಲ, ನಿಂತರೆ ಕಾರು ಮೇಲೆಯೇ ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಬಗೆಬಗೆ ಸ್ವರ ಹೊರಡಿಸುವ ಹಾರನ್ನೇ ಕೂಡದೆಂದಿದೆ. ಹಾರನ್ನಿಗೆ ಕೂಡದ್ದು ರಿವರ್ಸಿಗೆ ಕೂಡುತ್ತದೆಯೇ ಎಂದು ಕೇಳಬಾರದು. ರಾತ್ರಿ ಹನ್ನೊಂದಕ್ಕೆ ಮದುವೆ ಮುಗಿಸಿ ಬಂದ ಹಿಮ್ಮುಖಿಯೊಬ್ಬ ಮೂರು ಸಲ ಮುಂದೆ, ಮೂರು ಸಲ ಹಿಂದೆ ಮಾಡಿದರೆ ಇಡೀ ಕ್ರಾಸಿಗೆ ಮೂರು ಆವರ್ತ ಕಚೇರಿ. ತನಿ ಆವರ್ತನ ಬೀದಿನಾಯಿಗಳದು.

ಈಗ ಪಂಚಾಂಗದ ಕಡೆಗೆ ಬರೋಣ. ವಾಸ್ತುವಿನವರು ಕಾರಿನ ಮುಖ ಪೂರ್ವಕ್ಕೋ ಉತ್ತರಕ್ಕೋ ಇರಲಿ ಎನ್ನುತ್ತಾರೆ. ಉತ್ತರ ದಕ್ಷಿಣವಾಗಿ ಹೋಗುವ ಒಂದು ಕ್ರಾಸು ತೆಗೆದುಕೊಳ್ಳಿ. ಪೂರ್ವದ ಬಾಗಿಲಿನ ಮನೆಯವರು ಶಾಸ್ತ್ರಕ್ಕೆ ತಲೆಬಾಗಿ ರಿವರ್ಸ್ ಹಾಕಬೇಕು, ಆಗ ಮೂತಿ ರಸ್ತೆಗೆ, ಅಂದರೆ ಪೂರ್ವಕ್ಕೆ. ಎದುರು ಸಾಲಿನ ಪಶ್ಚಿಮದ ಬಾಗಿಲಿನವರು ಅದೇ ಶಾಸ್ತ್ರಕ್ಕೆ ತಲೆಬಾಗಿ ಸೀದಾ ನುಗ್ಗಬೇಕು, ಆಗಲೂ ಮೂತಿ ಪೂರ್ವಕ್ಕೆ. ಹಾಗಾಗಿ ನಮ್ಮಲ್ಲಿ ಅನೇಕರು ಹಿಮ್ಮುಖಿಗಳಾದದ್ದು ಆಕರ್‌ಮನ್ನನ ಜ್ಯಾಮಿತಿ ಒಪ್ಪಿ ಅಲ್ಲ, ಸೈಟು ಹಂಚಿಕೆಯಲ್ಲಿ ಸಿಕ್ಕಿದ ದಿಕ್ಕಿನಿಂದ. ಬೆಳಿಗ್ಗೆ ಒಬ್ಬರು ಮುಂದಕ್ಕೆ ಹೊರಬರುತ್ತಾರೆ, ಎದುರಿನವರು ಹಿಂದಕ್ಕೆ ಹೊರಬರುತ್ತಾರೆ, ಇಬ್ಬರೂ ರಸ್ತೆಯ ನಡುವೆ ಸಂಧಿಸುತ್ತಾರೆ. ಒಬ್ಬರ ಮೂತಿಗೆ ಇನ್ನೊಬ್ಬರ ಬೆನ್ನು. ಯಾರು ಮೊದಲು ಸರಿಯಬೇಕು ಎಂಬುದಕ್ಕೆ ವಾಸ್ತುವಿನಲ್ಲಿ ಶ್ಲೋಕವಿದ್ದಂತಿಲ್ಲ.

ಹೀಗೆ ಸಂಧಿಸುವ ಜಾಗದಲ್ಲಿ ರಂಗೋಲಿ ಇರುತ್ತದೆ. ಇದನ್ನು ಒಂದು ಸಲ ಬಗ್ಗಿ ನೋಡಿ. ಆರು ಗಂಟೆಗೆ ಸಗಣಿ ನೀರು ಇಲ್ಲದಿದ್ದರೆ ಬರಿಯ ನೀರು ಚಿಮುಕಿಸಿ, ಚುಕ್ಕಿ ಇಟ್ಟು ಎಳೆದ ರಂಗೋಲಿ. ಮುಮ್ಮುಖಿಯ ಹಿಂದಿನ ಎರಡು ಟೈರು ಅದರ ಮೇಲೆ ಬಂದು, ಸ್ಟಿಯರಿಂಗ್ ತಿರುಗಿಸುವಾಗ ಮುಂದಿನ ಎರಡು ಅಲ್ಲೇ ನಿಂತಲ್ಲಿ ಅರೆದು, ಚುಕ್ಕಿ ಎಳೆ ಎಲ್ಲ ಒಂದು ಬಿಳಿ ಕಲೆಯಾಗುತ್ತದೆ. ಹಸಿ ರಂಗೋಲಿ ಪುಡಿ ಟೈರಿನ ಗೀರುಗಳಲ್ಲಿ ಹಿಡಿದುಕೊಂಡು ಟಾರಿನ ಮೇಲೆ ಒಂದೇ ಅಂತರದಲ್ಲಿ ಬೀಳುತ್ತಾ ಹೋಗುತ್ತದೆ, ಹಾಲಿನ ಬೂತಿನವರೆಗೂ. ಯಜಮಾನರು ಎಷ್ಟು ಹೊತ್ತಿಗೆ ಹೊರಟರು, ಯಾವ ಕಡೆ ತಿರುಗಿದರು, ವಾಕಿಂಗಿಗೆಂದು ಹೇಳಿ ಎಲ್ಲಿ ಇಡ್ಲಿಗೆ ನಿಂತರು ಎಂಬುದಕ್ಕೆ ಲಿಖಿತ ಪುರಾವೆ. ರಂಗೋಲಿ ಹಾಕಿದವರು ಏನೂ ಹೇಳುವುದಿಲ್ಲ. ಮಧ್ಯಾಹ್ನ ಸಾರಿಗೆ ಉಪ್ಪು ಕಮ್ಮಿಯಾಗಿರುತ್ತದೆ, ಅಷ್ಟೇ.

ವರ್ಷದಲ್ಲಿ ಒಂದು ದಿನ ಮಾತ್ರ ಇಡೀ ಸರಸ್ವತಿಪುರಂ ಒಂದೇ ಪಂಥ. ಅದು ಆಯುಧಪೂಜೆ. ಅಂದು ಕಾರುಗಳೆಲ್ಲ ಮಿಂದು, ಬಾಳೆಕಂದು ಕಟ್ಟಿಕೊಂಡು, ಚೆಂಡುಹೂವಿನ ಹಾರ ತೊಟ್ಟು, ಮೂತಿಯನ್ನು ರಸ್ತೆಗೆ ಕೊಟ್ಟು ನಿಲ್ಲುತ್ತವೆ. ಕಾರಣ ಸರಳ. ಚಕ್ರಕ್ಕೆ ಇಟ್ಟ ನಿಂಬೆಹಣ್ಣನ್ನು ಮುಂದಕ್ಕೆ ಹೋಗಿ ಹಿಸುಕಬೇಕು. ಹಿಂದಕ್ಕೆ ಹೋಗಿ ಹಿಸುಕಿದರೆ ಆ ವರ್ಷದ ಇನ್ಕ್ರಿಮೆಂಟು ಯಾವ ಕಡೆಗೆ ಹೋಗುತ್ತದೋ ಹೇಳುವವರಾರು? ವಿಜಯದಶಮಿಯ ಮಾರನೇ ದಿನ ಮುಮ್ಮುಖಿಗಳು ಯಥಾಪ್ರಕಾರ. ಬೂದುಗುಂಬಳದ ಚೂರುಗಳ ಮೇಲೆ ಜಾರುವ ಸ್ಕೂಟರಿನವರಿಗೆ ಮಾತ್ರ ಎರಡು ಪಂಥವೂ ಒಂದೇ.

ಕಾನೂನು ಏನು ಹೇಳುತ್ತದೆ? ಲೈಸೆನ್ಸು ಕೊಡುವ ಪರೀಕ್ಷೆಯಲ್ಲಿ, ಅದೇ ಕೇಂದ್ರ ನಿಯಮಗಳ 15ನೇ ನಿಯಮದ ಪ್ರಕಾರ, ಅಭ್ಯರ್ಥಿ ವಾಹನವನ್ನು ಹಿಂದಕ್ಕೆ ಓಡಿಸಿ ಕಿರಿದಾದ ಜಾಗಕ್ಕೆ ಎಡಕ್ಕಾಗಲಿ ಬಲಕ್ಕಾಗಲಿ ಹಿಡಿತ ತಪ್ಪದೆ ಸೇರಿಸಿ ತೋರಿಸಬೇಕು. ಅಂದರೆ ಕೆಎ 09 ಇರಲಿ, ಕೆಎ 55 ಇರಲಿ, ಜೇಬಿನಲ್ಲಿ ಲೈಸೆನ್ಸು ಇಟ್ಟುಕೊಂಡ ಪ್ರತಿಯೊಬ್ಬರೂ ಕಾಗದದ ಮೇಲೆ ಹಿಮ್ಮುಖಿಗಳೇ. ಹಾಗಿದ್ದ ಮೇಲೆ ಕ್ರಾಸಿನಲ್ಲಿ ಎಳನೀರಿನವನ ಕೈ ಯಾಕೆ ನೋಡುತ್ತಾರೆ? ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಡ್ರೈವಿಂಗ್ ಸ್ಕೂಲಿನವನ ಕಾಲಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ ಎಂಬುದನ್ನು ನೆನಪಿಸಿಕೊಂಡರೆ ಉತ್ತರ ಸಿಕ್ಕೀತು.

ಮನುಷ್ಯರ ಕತ್ತಿನ ಮೇಲೆ ನಂಬಿಕೆ ಹೋಗಿ ಸರ್ಕಾರ ಯಂತ್ರಕ್ಕೆ ಮೊರೆ ಹೋಯಿತು. 2019ರ ಜುಲೈ 1ರಿಂದ ತಯಾರಾದ ಹೊಸ ಕಾರುಗಳಲ್ಲೆಲ್ಲ ಹಿಂಬದಿ ಸೆನ್ಸರ್ ಕಡ್ಡಾಯ. ಈಗ ಮನೆಯವರು, ರೈಟಿನವನು, ಲೆಫ್ಟಿನವನು ಇವರ ಜೊತೆಗೆ ಸೆನ್ಸರೂ ಮಾತಾಡುತ್ತದೆ. ಸೆನ್ಸರ್ ಕೂಗುವುದು ತುಳಸಿಕಟ್ಟೆಗೆ, ಕ್ರೋಟನ್ ಗಿಡದ ಕುಂಡಕ್ಕೆ, ಕೆಲವೊಮ್ಮೆ ಜೋರು ಮಳೆಗೆ. ಎಲ್ಲದಕ್ಕೂ ಕೂಗುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆಯ ಹಿರಿಯರಿಗೆ ಇದು ಗೊತ್ತು.

ಇಲ್ಲಿ ಒಂದು ಮಾತು ನಗೆ ಬಿಟ್ಟು ಹೇಳಬೇಕು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ಅದರ ಹಿಂದಿರುವ ಕಾಯ್ದೆಗೆ 2008ರಲ್ಲಿ ಸಹಿ ಬಿತ್ತು, ಅದಕ್ಕೆ ಎರಡು ವರ್ಷದ ಒಂದು ಮಗುವಿನ ಹೆಸರಿದೆ. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ, ಮನೆಯ ಮುಂದೆಯೇ, ತಂದೆ ಕಾರನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಆ ಮಗು ಚಕ್ರಕ್ಕೆ ಸಿಕ್ಕಿತ್ತು. ನಮ್ಮ ವಿಶ್ವವಿದ್ಯಾನಿಲಯದ ಈಜುಕೊಳದಿಂದ ಸಂಜೆ ತಲೆ ಒದ್ದೆಯಾದ ಮಕ್ಕಳು ಓಡಿಕೊಂಡು ಬರುತ್ತವೆ, ಶಾಲೆ ಬಿಟ್ಟ ಮಕ್ಕಳು ಫುಟ್‌ಪಾತು ಸಿಗದೆ ಕಾರುಗಳ ಬೆನ್ನಿಗೆ ಒರಗಿಕೊಂಡೇ ನಡೆಯುತ್ತವೆ. ಜನ ಓಡಾಡುವ ರಸ್ತೆಗೆ ಬೆನ್ನು ಮಾಡಿ ಇಳಿಯುವುದಕ್ಕಿಂತ ಕಣ್ಣು ಬಿಟ್ಟುಕೊಂಡು ಇಳಿಯುವುದು ಮೇಲು. ಆದ್ದರಿಂದ ನನ್ನ ಓಟು ಹಿಮ್ಮುಖಿಗಳಿಗೆ. ತರಕಾರಿ ಚೀಲವನ್ನು ಹಿಂದಿನ ಸೀಟಿನಲ್ಲಿಡಿ.

ಹಾಗೆಂದು ಹಿಮ್ಮುಖಿಗಳು ಬೀಗಬೇಕಾಗಿಲ್ಲ. ಅವರ ಕೈಗೆ ಈಗ ಒಂದು ಸಂಶೋಧನೆಯೂ ಸಿಕ್ಕಿಬಿಟ್ಟಿದೆ. ಅಮೆರಿಕದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶಾವೊಮಿನ್ ಲಿ, ಜನ ಕಾರು ನಿಲ್ಲಿಸುವ ರೀತಿಯನ್ನು ದೇಶದಿಂದ ದೇಶಕ್ಕೆ ಹೋಲಿಸಿ ನೋಡಿದರು. ಚೀನಾದಲ್ಲಿ ಬಹುಪಾಲು ಜನ ರಿವರ್ಸ್ ಹಾಕುತ್ತಾರೆ, ಅಮೆರಿಕದಲ್ಲಿ ಹಾಗೆ ಮಾಡುವವರು ಬಹಳ ಕಡಿಮೆ. ಈಗ ಕಷ್ಟಪಟ್ಟು ಆಮೇಲೆ ಸುಖಪಡುವ ಬುದ್ಧಿಗೂ, ಉಳಿತಾಯಕ್ಕೂ, ದೇಶದ ಆರ್ಥಿಕ ಬೆಳವಣಿಗೆಗೂ ಇದಕ್ಕೂ ನಂಟಿದೆ ಎಂದು ಅವರ ವಾದ. ಸರಸ್ವತಿಪುರಂ ಈ ಸಿದ್ಧಾಂತಕ್ಕೆ ದೊಡ್ಡ ತಲೆನೋವು. ಫಿಕ್ಸೆಡ್ ಡೆಪಾಸಿಟ್ಟಿನ ಬಡ್ಡಿಯಲ್ಲಿ ಬಡ್ಡಿ ಉಳಿಸುವ, ಮೊಮ್ಮಗಳ ಮದುವೆಗೆ ಅವಳು ಹುಟ್ಟುವ ಮೊದಲೇ ಬೆಳ್ಳಿ ತಟ್ಟೆ ಎತ್ತಿಟ್ಟ ಜನ ಕಾರು ಮಾತ್ರ ಸೀದಾ ನುಗ್ಗಿಸುತ್ತಾರೆ. ಸಂಶೋಧನೆಯ ಪ್ರತಿಯನ್ನು ಕೆರೆ ಏರಿಯ ಮೇಲೆ ಓದಿ ಹೇಳಿದ ಹಿಮ್ಮುಖಿಗೆ ಮುಮ್ಮುಖಿಯೊಬ್ಬರು ಕೇಳಿದರಂತೆ: ‘ಅವ್ರಿಗೆ ಪಿಂಚಣಿ ಬರುತ್ತೇನ್ರೀ?’

ರಿವರ್ಸ್ ಪಂಥದ ನಿಜವಾದ ಪೀಠ ಇರುವುದು ನಮ್ಮ ಬಡಾವಣೆಯಲ್ಲೇ, ಆದರೂ ಯಾರೂ ಅದರ ಹೆಸರೆತ್ತುವುದಿಲ್ಲ. ಸರಸ್ವತಿಪುರಂ ಅಗ್ನಿಶಾಮಕ ಠಾಣೆ. ಅಗ್ನಿಶಾಮಕ ವಾಹನವನ್ನು ಮೂತಿ ಹೊರಗೆ ಮಾಡಿಯೇ ನಿಲ್ಲಿಸುವುದು ಪದ್ಧತಿ. ಗಂಟೆ ಬಾರಿಸಿದರೆ ಹತ್ತಿ ಕೂತು ಹೊರಟುಬಿಡಬೇಕು, ಅಲ್ಲಿ ‘ಬುಡಿ ಸಾ, ಬುಡಿ’ ನಡೆಯುವುದಿಲ್ಲ. ಜಗತ್ತಿನ ಯಾವ ಸಿದ್ಧಾಂತಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಈಗ ಅದೇ ಕೆಂಪು ವಾಹನವನ್ನು ಮನಸ್ಸಿನಲ್ಲೇ ಯಾವುದಾದರೂ ಒಂದು ಕ್ರಾಸಿನೊಳಕ್ಕೆ ತಿರುಗಿಸಿ. ಎಡಕ್ಕೆ ಒಂದು ಎಸ್‌ಯುವಿ, ಶಾಸ್ತ್ರೋಕ್ತವಾಗಿ ರಿವರ್ಸ್ ಹಾಕಿದ್ದು, ಮೂತಿ ಮಾತ್ರ ಎರಡಡಿ ರಸ್ತೆಯಲ್ಲಿ. ಬಲಕ್ಕೆ ಒಂದು ಹಳೇ ಮಾರುತಿ, ಸೀದಾ ನುಗ್ಗಿಸಿದ್ದು, ಬೆನ್ನು ಎರಡಡಿ ರಸ್ತೆಯಲ್ಲಿ. ಅದರ ಪಕ್ಕ ಕವರು ಹೊದ್ದು ಮಲಗಿರುವ ಇನ್ನೊಂದು, ಮಗ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದದ್ದು, ಅದರ ಕೆಳಗೆ ಹುಲ್ಲು ಬೆಳೆದು ಬೆಕ್ಕು ಮರಿ ಹಾಕಿದೆ. ಮಧ್ಯದಲ್ಲಿ ಉಳಿದಿರುವ ಜಾಗದಲ್ಲಿ ಅಗ್ನಿಶಾಮಕ ವಾಹನದ ಕನ್ನಡಿ ಮಾತ್ರ ಹೋದೀತು. ಎರಡು ಪಂಥದ ಶಾಸ್ತ್ರಾರ್ಥವೂ ನಿಂತು ಹೋಗುವುದು ಇಲ್ಲಿ. ಮೂತಿ ಯಾವ ಕಡೆಗಿದ್ದರೇನು, ಕಾರು ನಿಂತಿರುವುದು ಊರಿನವರ ಜಾಗದಲ್ಲಿ.

1897–98ರ ಪ್ಲೇಗಿನ ಪೆಟ್ಟು ತಿಂದ ಮೇಲೆ ಮೈಸೂರು ಬುದ್ಧಿ ಕಲಿತು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿಕೊಂಡಿತು. ದೇಶದಲ್ಲಿ ಆಗ ಬೊಂಬಾಯಿ ಬಿಟ್ಟರೆ ಇಂಥದ್ದು ಅಪರೂಪ. ಗಾಳಿ ಬೆಳಕು ಓಡಾಡಲಿ ಎಂದು ಅಗಲ ರಸ್ತೆ, ಹಿಂದೆ ಕನ್ಸರ್ವೆನ್ಸಿ ಗಲ್ಲಿ, ನಡುನಡುವೆ ಪಾರ್ಕು. ಆ ಪರಂಪರೆಯಲ್ಲೇ ಆಮೇಲೆ ಬೆಳೆದ ಬಡಾವಣೆ ನಮ್ಮದು. ಗಾಳಿ ಬೆಳಕಿಗೆ ಬಿಟ್ಟ ಜಾಗ ಅದು, ಈಗ ಗಾಳಿ ಟೈರಿನಲ್ಲಿದೆ, ಬೆಳಕು ಹೆಡ್‌ಲೈಟಿನಲ್ಲಿದೆ. ಹಳೇ ಮನೆಗಳಿಗೆ ಗ್ಯಾರೇಜು ಕಟ್ಟದೇ ಇದ್ದದ್ದು ಸಹಜ, ಮೇಷ್ಟರುಗಳು ಸೈಕಲ್ಲಿನಲ್ಲಿ ಗಂಗೋತ್ರಿಗೆ ಹೋಗುತ್ತಿದ್ದರು. (2017ರ ಜೂನಿನಲ್ಲಿ ಬಂದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳಲ್ಲಿ ಮೂತಿಯ ಜಗಳವೇ ಇಲ್ಲ, ಮುಂದಿನ ಚಕ್ರ ಕಬ್ಬಿಣದ ಕೊಂಡಿಗೆ ಸಿಕ್ಕಿಸಿದರೆ ಆಯಿತು.) ಹೊಸ ಮನೆಗಳ ನಕ್ಷೆಯಲ್ಲಿ ಕಾರಿಗೆ ಜಾಗ ತೋರಿಸಿದ್ದಾರೆ. ನಕ್ಷೆ ಮಂಜೂರಾದ ಮೇಲೆ ಅಲ್ಲಿ ಜೆರಾಕ್ಸ್ ಅಂಗಡಿ ಬಂತು, ಟ್ಯೂಷನ್ನಿನ ಬೆಂಚು ಬಂತು, ಹುಡುಗಿಯರ ಪಿಜಿಯ ಅಡುಗೆಮನೆ ಬಂತು. ಬಾಡಿಗೆ ಒಳಗೆ, ಕಾರು ಹೊರಗೆ. ಉಳಿದ ಫುಟ್‌ಪಾತಿನ ಮೇಲೆ ಕಬ್ಬಿಣದ ಬೇಲಿ ಹಾಕಿ ದಾಸವಾಳ ಬೆಳೆಸಿದ್ದೇವೆ. ಕೇಳಿದರೆ ಪರಿಸರ.

ಅದೇ ಮನೆಯ ಗೇಟಿಗೆ ಒಂದು ಬೋರ್ಡು ನೇತಾಡುತ್ತದೆ: ‘ಗೇಟಿನ ಮುಂದೆ ವಾಹನ ನಿಲ್ಲಿಸಬಾರದು, ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.’ ಗೇಟಿನ ಮುಂದಷ್ಟೇ ಆಗಿದ್ದರೆ ಸರಿ, ಬೇಡವೆನ್ನಲು ಹಕ್ಕಿದೆ. ಗೇಟಿನಿಂದ ಆಚೆಗೂ ಈಚೆಗೂ, ಸೈಟಿನ ಪೂರ್ತಿ ಅಗಲಕ್ಕೆ, ಸುಣ್ಣ ಬಳಿದ ಸೈಜುಗಲ್ಲು ಸಾಲಾಗಿ ಕೂತಿರುತ್ತವೆ. ಒಂದು ಹಳೇ ಬಕೆಟ್ಟಿಗೆ ಸಿಮೆಂಟು ತುಂಬಿ ಕೋಲು ನೆಟ್ಟಿರುತ್ತಾರೆ. ತಾವು ಹೊರಗೆ ಹೋದಾಗ ಜಾಗ ಕಾಯಲಿಕ್ಕೆ ಅದು. ಈ ಬಕೆಟ್ಟನ್ನು ಸರಿಸಿದವರ ವಂಶವೇ ಉದ್ಧಾರವಾಗುವುದಿಲ್ಲ ಎಂದು ನಂಬಿಕೆ. ಹಿಮ್ಮುಖಿಯ ಮನೆ ಮುಂದೆಯೂ ಬಕೆಟ್ಟಿದೆ, ಮುಮ್ಮುಖಿಯ ಮನೆ ಮುಂದೆಯೂ ಬಕೆಟ್ಟಿದೆ, ಎರಡೂ ಒಂದೇ ಅಂಗಡಿಯ ಸಿಮೆಂಟು.

ಲೆಕ್ಕ ಹಾಕಿ. ಒಂದು ಕಾರು ನಿಲ್ಲಿಸಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಹಿಡಿಯುವುದು ವಾಡಿಕೆ, ಸುಮಾರು 135 ಚದರ ಅಡಿ. ಮೂವತ್ತು ನಲವತ್ತರ ಸೈಟಿನ ಒಂಬತ್ತನೇ ಒಂದು ಪಾಲು. ಸರಸ್ವತಿಪುರಂನಲ್ಲಿ ಒಂದು ಸೈಟಿಗೆ ಎಷ್ಟಾಗುತ್ತದೆ ಎಂದು ಕೇಳಿ, ಒಂಬತ್ತರಿಂದ ಭಾಗಿಸಿ, ನೀರು ಕುಡಿದು ಕೂತುಕೊಳ್ಳಿ. ಅಷ್ಟೇ ಅಳತೆಯ ಪಿಜಿ ಕೋಣೆಯಲ್ಲಿ ಹಾಸನ, ಕೊಡಗಿನಿಂದ ಓದಲು ಬಂದ ಮೂವರು ಹುಡುಗಿಯರು ಮಂಚಕ್ಕೆ ಇಷ್ಟೆಂದು ತಿಂಗಳು ತಿಂಗಳು ಬಾಡಿಗೆ ಕೊಟ್ಟು ಇರುತ್ತಾರೆ, ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ. ಹೊರಗೆ ಕಾರು ಪುಗಸಟ್ಟೆ. ಕಾರೊಂದು ತನ್ನ ಆಯುಸ್ಸಿನ ಶೇ. 95 ಭಾಗ ನಿಂತೇ ಇರುತ್ತದೆ ಎಂದು ಲೆಕ್ಕ ತೋರಿಸಿ, ಪುಗಸಟ್ಟೆ ಪಾರ್ಕಿಂಗಿನ ದುಬಾರಿ ಬೆಲೆಯ ಬಗ್ಗೆ 2005ರಲ್ಲಿ ಏಳುನೂರು ಪುಟ ದಾಟಿದ ಪುಸ್ತಕವನ್ನೇ ಬರೆದವರು ಲಾಸ್ ಏಂಜಲೀಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್. ದಿನಕ್ಕೆ ಇಪ್ಪತ್ತಮೂರು ಗಂಟೆ ಏನೂ ಮಾಡದೆ ನಿಂತಿರುವ ಪ್ರಾಣಿಗೆ ಇಷ್ಟು ಬೆಲೆಯ ಜಾಗ ಬಿಟ್ಟುಕೊಟ್ಟು, ಅದರ ಮೂತಿ ಯಾವ ಕಡೆ ಎಂದು ನಾವು ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದೇವೆ.

ಜಪಾನಿನವರು ಈ ತಂಟೆಯೇ ಬೇಡವೆಂದು 1962ರಲ್ಲೇ ಕಾನೂನು ಮಾಡಿದರು. ಮನೆಯಿಂದ ಎರಡು ಕಿಲೋಮೀಟರಿನೊಳಗೆ ಕಾರಿಗೆ ಜಾಗವಿದೆ ಎಂದು ಪೊಲೀಸರಿಂದ ಸರ್ಟಿಫಿಕೇಟು ತಂದರೆ ಮಾತ್ರ ಕಾರು. ಅಲ್ಲಿ ಬಹುಪಾಲು ಎಲ್ಲರೂ ರಿವರ್ಸ್ ಹಾಕುತ್ತಾರೆ, ತೆಪ್ಪಗೆ ಮನೆಗೆ ಹೋಗುತ್ತಾರೆ. ಕರ್ನಾಟಕದ ಸಾರಿಗೆ ಸಚಿವರುಗಳೂ ಆಗಾಗ ಇಂಥ ಕಾನೂನು ತರುತ್ತೇವೆ ಎಂದಿದ್ದುಂಟು. ಮಾತು ಮೂತಿ ಮುಂದಾಗಿ ಬಂತು, ರಿವರ್ಸಿನಲ್ಲಿ ವಾಪಸು ಹೋಯಿತು. ದೇವರಾಜ ಅರಸು ರಸ್ತೆಯಲ್ಲಿ ದುಡ್ಡು ಕೊಟ್ಟು ಗಾಡಿ ನಿಲ್ಲಿಸುವ ಮಾತು ಎದ್ದಾಗ ಅಂಗಡಿಯವರು ಎದ್ದರು. ಪುರಭವನದ ಆವರಣದಲ್ಲಿ ಕಾರಿಗೆಂದು ಕಟ್ಟಲು ಹೊರಟ ಪಾರ್ಕಿಂಗು ಎಷ್ಟು ವರ್ಷ ಕಾಮಗಾರಿಯಲ್ಲೇ ಇತ್ತೆಂದರೆ, ಅದಕ್ಕೆ ಕಾದ ಕಾರುಗಳೇ ಗುಜರಿ ಸೇರಿದವು.

ಹಾಗಾಗಿ ಎರಡು ಪಂಥವನ್ನೂ ಒಂದು ಮಾಡಲು ನನ್ನದೊಂದು ಸಲಹೆ ಇತ್ತು. ಮೂತಿ ಯಾವ ಕಡೆಗಾದರೂ ಇರಲಿ, ರಸ್ತೆಯಲ್ಲಿ ನಿಂತ ಕಾರಿಗೆ ಪಾಲಿಕೆ ತಿಂಗಳ ಬಾಡಿಗೆ ಹಾಕಲಿ, ಪಿಜಿಯ ಒಂದು ಮಂಚದ ರೇಟಿಗೆ. ಬೆಳಗಿನ ವಾಕಿಂಗಿನಲ್ಲಿ ಈ ಮಾತು ತೇಲಿಬಿಟ್ಟೆ. ಐಕ್ಯ ಅಂದರೆ ಅದು. ವರ್ಷಗಳಿಂದ ಮಾತು ಬಿಟ್ಟವರು ಒಂದೇ ಬೆಂಚಿನ ಮೇಲೆ ಕೂತು ಒಂದೇ ದನಿಯಲ್ಲಿ ಕೇಳಿದರು: ‘ಲೈಫ್ ಟ್ಯಾಕ್ಸ್ ಕಟ್ಟಿದೀವಲ್ರೀ?’ ಆ ತೆರಿಗೆ ಕಾರು ಓಡಲಿಕ್ಕೆ ಸ್ವಾಮಿ, ಮಲಗಲಿಕ್ಕಲ್ಲ ಎಂದೆ. ಓಡಿದ್ದು ಮಲಗಬೇಡವೇ ಎಂದರು ತತ್ತ್ವಶಾಸ್ತ್ರದವರು. ಕಾನೂನಿನವರು ಎದ್ದು ನಿಂತು ಪೆಟಿಷನ್ನಿನ ಕರಡು ಶುರುಮಾಡಿದರು. ಗಣಿತದವರು ಮಾತ್ರ ಸ್ವಲ್ಪ ಯೋಚಿಸಿ, ನನ್ನ ತೋಳು ಹಿಡಿದು ಆ ಕಡೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಕೇಳಿದರು:

‘ರಿವರ್ಸ್ ಹಾಕಿದೋರ್ಗೆ ಏನಾದ್ರೂ ಡಿಸ್ಕೌಂಟ್ ಇರುತ್ತೇನ್ರೀ?’